ಐನೂರ ನಲವತ್ತು ಕಿಲೋದ ಟ್ರೈಲರ್

ಇದು ಕಟ್ಟುಕತೆಯಲ್ಲ. ಸವಣೂರಿನ ಗೌರೀಶಂಕರ ಮಾಸ್ಟ್ರಿಗೆ ಹೋದ ಡಿಸೆಂಬರಿನಲ್ಲಿ ಆದದ್ದು. ಪುತ್ತೂರಿನಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವವರು. ಒಂದು ಮಾತು ಹೆಚ್ಚು ಆಡುವ ಮನುಷ್ಯನಲ್ಲ.

ರಾತ್ರಿ ಹನ್ನೊಂದು ದಾಟಿತ್ತು. ಬೆಳ್ಳಾರೆ ಕಳೆದು, ಆಲದ ಮರದ ತಿರುವಿನಲ್ಲಿ ಅವರ ಹಳೇ ಜೀಪು ಬುಸ್... ಎಂದು ಹಬೆ ಉಗುಳಿ ನಿಂತಿತು. ಹಿಂದೆ ಕುದುರೆ ಸಾಗಿಸುವ ಹೊಸ ಟ್ರೈಲರ್. ಖಾಲಿ. ಜೀಪಿನಲ್ಲಿ ಮಗಳು ತನ್ಮಯೀ. ಮಾಸ್ಟ್ರು ಬಕೆಟ್ ಹಿಡಿದು ಮರದ ಕೆಳಗಿನ ಬಾವಿಗೆ ನಡೆದರು. ಕಾಲು ಏಳುತ್ತಿರಲಿಲ್ಲ. ಏಳು ವಾರದಿಂದ ಅದೇ ಓಡಾಟ. ಸುಳ್ಯದ ಮೂಸಕುಂಞಿಯ ವೆಲ್ಡಿಂಗ್ ಶೆಡ್ಡು, ಅಳತೆ, ತೂಕ, ಜಗಳ.

ಬೆಳಗಾದರೆ ಹೆಣ್ಣುಕುದುರೆ ಚಂಪಾಳನ್ನು ಹತ್ತಿಸಿಕೊಂಡು ಸಂಪಾಜೆ ಘಾಟಿ ಏರಿ, ಮಡಿಕೇರಿ ಬದಿಯಲ್ಲಿ ನಾಲ್ಕು ದಿನ ಟೆಂಟು ಹಾಕುವುದು. ಉಳಿದಿರುವ ಕುದುರೆ ಅದೊಂದೇ. ಎರಡು ವರ್ಷದ ಹಿಂದೆ ಅದೇ ಘಾಟಿಯಲ್ಲಿ, ಬಾಡಿಗೆ ಪಿಕಪ್ಪಿನ ಅಡಿಹಲಗೆ ಮುರಿದು, ಇನ್ನೊಂದು ಕುದುರೆ ಭೈರವನ ಬಲ ಹಿಂಗಾಲು ಕೆಳಗಿಳಿದು ಮುರಿದಿತ್ತು. ಮೂರು ದಿನ ಮೂರು ಕಾಲಿನಲ್ಲಿ ನಿಂತ ಭೈರವ ಕೊನೆಗೆ ಡಾಕ್ಟ್ರ ಸೂಜಿಗೆ ಕಣ್ಣು ಮುಚ್ಚಿತು. ಸ್ವಂತ ಟ್ರೈಲರ್ ಮಾಡಿಸಿದ್ದೇ ಅದಕ್ಕೆ.

ಮೂಸಕುಂಞಿ ಹೇಳಿದ್ದ, "ನೆಲಕ್ಕೆ ದಪ್ಪ ಹಲಗೆ ಹಾಕುವ, ಮಾಸ್ಟ್ರೆ. ಈ ಪ್ಲೈವುಡ್ ಬೇಡ."

"ಎಂಬತ್ತು ಕಿಲೋ ಹೆಚ್ಚಾಗ್ತದೆ. ಜೀಪು ಎಳೆಯುದಿಲ್ಲ."

"ಹಾಗಾದ್ರೆ ನೀವು ಮಲಗ್ಲಿಕ್ಕೆ ಹಾಕಿಸುವ ಆ ಮಡಚುವ ಮಂಚ, ಒಲೆಯ ಕಪಾಟು ಬಿಡಿ. ಕುದುರೆ ಎಂತ ಕೋಳಿಯಾ ಮಾರಾಯ್ರೆ?"

ಮಾಸ್ಟ್ರು ಬಿಡಲಿಲ್ಲ. ಮಂಚ ಉಳಿಯಿತು, ಕಪಾಟು ಉಳಿಯಿತು, ಪ್ಲೈವುಡ್ಡಿನ ಮೇಲೆ ರಬ್ಬರ್ ಮ್ಯಾಟು ಬಿತ್ತು. ವೇಬ್ರಿಜ್ಜಿನಲ್ಲಿ ತೂಗಿದರೆ ಸರಿಯಾಗಿ ಐನೂರ ನಲವತ್ತು ಕಿಲೋ, ಜೀಪು ಎಳೆಯುವಷ್ಟೇ. ಅವರಿಗೆ ಸಮಾಧಾನ.

ಬಾವಿಯ ರಾಟೆ ಕಿರ್ರ್... ಎಂದಿತು. ರೇಡಿಯೇಟರಿಗೆ ನೀರು ಹೊಯ್ದು, ದಾರಿಗೆ ಇರಲೆಂದು ಇನ್ನೊಂದು ಬಕೆಟ್ ಸೇದಿ, ತುಂಬಿದ ಬಕೆಟನ್ನು ಟ್ರೈಲರಿನೊಳಗೆ ಬಲಮೂಲೆಗೆ ಕಟ್ಟಿದರು. ಬಾಗಿಲು ಹಾಕಿ ಚಿಲಕ ಎಳೆದರು. ಜೀಪು ಹತ್ತಿ ಕೀಲಿ ತಿರುಗಿಸಬೇಕು...

ಟಕ್. ಟಕ್. ಟಕ್... ಸರ್ರ್ರ್.

ತನ್ಮಯೀ ಅಪ್ಪನ ತೋಳು ಹಿಡಿದಳು. "ಅಪ್ಪಾ... ಹಿಂದೆ ಎಂತ ಉಂಟು?"

"ಎಂತ ಇಲ್ಲ."

ಟಕ್. ಟಕ್. ಟಕ್... ಸರ್ರ್ರ್.

"ಮೂರು ಹೆಜ್ಜೆ ಅಪ್ಪಾ... ಮತ್ತೆ ಎಳೆಯುದು."

"ಗೊತ್ತಾಯ್ತು. ಮಾತಾಡ್ಬೇಡ."

ಮಾಸ್ಟ್ರು ಇಳಿದರು. ಟಾರ್ಚು ಹಿಡಿದು ಬಾಗಿಲು ತೆಗೆದರು. ಯಾರೂ ಇಲ್ಲ. ಒಳಗಿಂದ ಬೆಚ್ಚಗಿನ ಗಾಳಿ ಮಾತ್ರ ಮುಖಕ್ಕೆ ತಾಗಿತು, ದೊಡ್ಡದೊಂದು ಪ್ರಾಣಿ ಉಸಿರು ಬಿಟ್ಟ ಹಾಗೆ. ಅಷ್ಟರಲ್ಲಿ ಅವರ ಕಣ್ಣೆದುರೇ, ಮ್ಯಾಟಿನ ಅಡಿಯಿಂದ... ಲಟ್.

ಒಂದೇ ಸಲ.

ಅವರು ಬಾಗಿಲು ಹಾಕಿದರು. ಮನೆ ಮುಟ್ಟುವವರೆಗೆ ಜೀಪು, ಹಿಂದೆ ಭಾರ ಇದ್ದ ಹಾಗೆ, ಎರಡನೇ ಗೇರಿನಿಂದ ಮೇಲೇರಲಿಲ್ಲ.

ಬೆಳಿಗ್ಗೆ ಮ್ಯಾಟು ಎತ್ತಿ ನೋಡಿದರು. ಹಿಂಭಾಗದ ಬಲಕ್ಕೆ, ಗೊರಸಿನಷ್ಟೇ ಅಗಲಕ್ಕೆ ಪ್ಲೈವುಡ್ ಒಡೆದು ಕೆಳಗಿಳಿದಿತ್ತು. ತೂತಿನಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು. ಚಂಪಾಳ ಬಲ ಹಿಂಗಾಲು ಬರುವ ಜಾಗ ಅದೇ.

ಮಾಸ್ಟ್ರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ತೂತಿಗೆ ಅಂಗೈ ಇಟ್ಟು ಅಳೆದರು. ಮತ್ತೆ ಫೋನು ತೆಗೆದು, "ಮೂಸಕುಂಞಿ, ದಪ್ಪ ಹಲಗೆ ಹಾಕು. ಮಂಚ ಕಪಾಟು ಎರಡೂ ಕಿತ್ತುಬಿಡು" ಎಂದರು.

"ರಾತ್ರಿ ಎಂತ ಆಯ್ತು ಮಾಸ್ಟ್ರೆ?"

"ಏನಿಲ್ಲ. ನೀನು ಹೇಳಿದ್ದು ಸರಿ."

ಚಂಪಾ ಮುಂದಿನ ವಾರ ಘಾಟಿ ಏರಿತು, ಸುಖವಾಗಿ ಇಳಿದೂ ಬಂತು. ಪ್ಲೈವುಡ್ ಮೊದಲೇ ತೆಳು ಇತ್ತು, ವೆಲ್ಡಿಂಗಿನ ಬಿಸಿಗೆ ಬಿರುಕು ಬಿಟ್ಟಿತ್ತು ಎಂದು ಹೇಳುವವರು ಹೇಳಲಿ. ಆದರೆ ಆ ಬಕೆಟ್? ರಾತ್ರಿ ಅಂಚಿನವರೆಗೆ ತುಂಬಿಸಿ ಕಟ್ಟಿದ ಬಕೆಟ್ ಬೆಳಿಗ್ಗೆ ಖಾಲಿ. ನೆಟ್ಟಗೆ ನಿಂತಿತ್ತು. ಮ್ಯಾಟು ಒಣಗಿತ್ತು. ಬಕೆಟಿನ ಅಂಚಿಗೆ ಹಸಿ ಹುಲ್ಲಿನ ಒಂದು ಎಸಳು ಅಂಟಿತ್ತು. ಆ ಟ್ರೈಲರಿಗೆ ಅಲ್ಲಿಯವರೆಗೆ ಒಂದು ಕಡ್ಡಿ ಹುಲ್ಲನ್ನೂ ಹಾಕಿರಲಿಲ್ಲ.

ಆ ಎಸಳು ಈಗಲೂ ತನ್ಮಯೀಯ ಹತ್ತಿರ ಉಂಟು. ನಂಬದಿದ್ದರೆ ಸವಣೂರಿಗೆ ಹೋಗಿ ಕೇಳಿ.