ಹಾನಗಲ್ ಕೋಟೆಯ ಮಣ್ಣು ಒಯ್ದವಳು

"ಯಕ್ಕಾ... ಡಾಂಬರ ರೋಡಿಗೆ ಯಾ ಕಡಿ ಹೋಗ್ಬೇಕ್ರಿ?"

ಹೀಗೆ ಕೇಳಿದವಳು ನೀಲಾ, ನನ್ನ ಚಿಕ್ಕವ್ವನ ಮಗಳು. ಹಾನಗಲ್ಲಿಗೇ ಕೊಟ್ಟ ಹುಡುಗಿ, ಕೋಟೆಯ ಮಗ್ಗುಲಲ್ಲೇ ಬಾಳ್ವೆ. ಅಂಥವಳು ದಾರಿ ತಪ್ಪಿದಳು ಅಂದರೆ ನಗಬೇಡಿ. ಹೊತ್ತು ಮುಳುಗಿತ್ತು. ಸುತ್ತ ಜಾಲಿ ಕಂಟಿ. ಹಿಂದೆ, ಕೋಟೆಯ ಮಣ್ಣುಗೋಡೆ ಒಡೆದ ಕಿಂಡಿಯಲ್ಲಿ, ಗಂಡ ಮಾಲತೇಶ ಕಾಲು ಹಿಡಿದು ಕೂತಿದ್ದ. ಹಾವು ಕಚ್ಚಿತ್ತು.

ಆಟೋದ ರಫೀಕನಿಗೆ ಫೋನು ಮಾಡಿದ ಮೇಲೆ ಚಾರ್ಜು ತೀರಿತ್ತು. ಅವನು ಬಂದು ರೋಡಿನ ಮೇಲೆ ನಿಂತಿದ್ದ. ಹಾರ್ನು ಕೇಳುತ್ತಿತ್ತು... ಪೋಂ... ಪೋಂ. ಒಮ್ಮೆ ಎಡಕ್ಕೆ. ಒಮ್ಮೆ ಬೆನ್ನ ಹಿಂದೆ. ಅವನನ್ನು ಕರೆತರಲು ಓಡಿದಳು. ಕಂದಕ ಇಳಿದು ಹತ್ತಿದರೆ ಮತ್ತೆ ಅದೇ ಕಿಂಡಿ, ಅದೇ ಮಾಲತೇಶ. ಮತ್ತೆ ಓಡಿದಳು... ಮತ್ತೆ ಅದೇ ಕಿಂಡಿ. ಈಗ ಅವನ ಮಾತು ತೊದಲುತ್ತಿತ್ತು.

ಗಂಡ ಹೆಂಡತಿ ಕೋಟೆಗೆ ಹೋದದ್ದು ಮಣ್ಣು ತರಲು. ಹೊಸ ಮನೆಯ ಬುನಾದಿ ತುಂಬಬೇಕಿತ್ತು. ಅರಸರು ಕಟ್ಟಿಸಿದ ಗೋಡೆಯ ಮಣ್ಣು, ಗಟ್ಟಿ, ಪುಕ್ಕಟೆ ಬೇರೆ. ಹಿಂದಿನವರು ಅಲ್ಲಿಂದ ಪುಟ್ಟಿ ಎತ್ತುವ ಮೊದಲು ತಮ್ಮ ಹೊಲದ ಒಂದು ಹಿಡಿ ಮಣ್ಣು ಗೋಡೆಗೆ ಹಾಕುತ್ತಿದ್ದರಂತೆ. ಇವರು ಹಿಂದಿನ ವಾರ ಟ್ರ್ಯಾಕ್ಟರ್ ತಂದಿದ್ದರು. ಟ್ರ್ಯಾಕ್ಟರಿಗೆ ಹಿಡಿಯ ಲೆಕ್ಕ ಎಲ್ಲಿಯದು? ಕಡಿಮೆ ಬಿದ್ದದ್ದಕ್ಕೆ ಅವತ್ತು ಪುಟ್ಟಿ, ಸಲಿಕೆ ಹಿಡಿದು ನಡೆದೇ ಬಂದಿದ್ದರು.

ನೀಲಾ ದಾರಿ ಕೇಳಿದ ಆ ಹೆಂಗಸು ಎದುರಾದದ್ದು ಹೀಗೆ ದಿಕ್ಕು ತಪ್ಪಿ ಓಡುವಾಗ. ಸೀರೆ ಎತ್ತಿ ಕಟ್ಟಿದ್ದಳು. ಮೊಣಕೈತನಕ ಹಸಿ ಕೆಸರು. ಪಿಸುಮಾತಿನಲ್ಲಿ ಕೇಳಿದಳು.

"ಮಣ್ಣು ತಂದಿಯೇನ ತಂಗಿ?"

"ನನ್ನ ಗಂಡಗ ಹಾವು ಕಡದೈತಿ ಯಕ್ಕಾ... ದಾರಿ ತೋರಸ್ರಿ."

"ಸಣ್ಣಗ ಮಾತಾಡು. ಆನಿಕೆರಿಗೆ ದಂಡು ಬಂದಿಳದೈತಿ... ಕಿಂಡಿ ಕಂಡ್ರ ಇಲ್ಲಿಂದನ ಒಳಗ ನುಗ್ಗತಾರ. ನನ್ನ ಕೂಸು ಒಳಗ ಮಲಗೈತಿ."

ಎಂಟುನೂರು ವರ್ಷದ ಹಿಂದೆ ಹೊಯ್ಸಳ ಬಲ್ಲಾಳ ಕದಂಬರ ಈ ಊರಿಗೆ ಮುತ್ತಿಗೆ ಹಾಕಿದಾಗ ಆನೆಕೆರೆಯ ಹತ್ತಿರ ಬೀಡುಬಿಟ್ಟಿದ್ದ. ನಾನು ಓದಿ ಬಲ್ಲೆ. ನೀಲಾ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಬಲ್ಲಾಳ ಯಾರು ಅಂದರೆ ಇವತ್ತಿಗೂ ನನ್ನ ಮುಖ ನೋಡುತ್ತಾಳೆ.

"ಕಾಲಿಗೆ ಬೀಳ್ತೇನಿ," ಅಂದಳು ನೀಲಾ. "ಅಂವ ಸಾಯ್ತಾನ."

"ನಾನೂ ಬೀಳ್ತೇನಿ. ನೀ ಒಯ್ದದ್ದು ತಂದ್ಹಾಕು."

ಇಬ್ಬರೂ ಬಗ್ಗಿದರಂತೆ... ಒಬ್ಬರ ಕಾಲು ಒಬ್ಬರು ಹಿಡಿಯಲು. ನೀಲಾಳ ಕೈಗೆ ಹತ್ತಿದ್ದು ತಣ್ಣನೆಯ ಕೆಸರು. ಅದನ್ನೇ ಹಿಡಿದು ಮಾತು ಕೊಟ್ಟಳು, ಎಲ್ಲಾ ತಂದು ಹಾಕ್ತೇನಿ, ಒಂದ ಪುಟ್ಟಿ ಸೈತ ಉಳಸೂದಿಲ್ಲ ಅಂತ.

ತಲೆ ಎತ್ತಿದರೆ ಯಾರೂ ಇಲ್ಲ. ಹಾರ್ನು ನೇರ ಎದುರಿಗೆ. ಕಂಟಿಯ ಸಂದಿಯಲ್ಲೇ ಆಟೋದ ದೀಪ.

ಮಾಲತೇಶ ಉಳಿದ. ಎರಡು ಬೆರಳು ಹೋದವು, ಕಾಲು ಉಳಿಯಿತು. ಆಸ್ಪತ್ರೆಯಿಂದ ಬಂದ ಮರುದಿನವೇ ನೀಲಾ ಬುನಾದಿ ಅಗೆಯಲು ನಿಂತಳು. ಅವನು ಕೂತಲ್ಲಿಂದಲೇ ಕೂಗಾಡಿದ. ಹಾವು ಅಂದಮೇಲೆ ಕಚ್ಚುತ್ತದೆ, ಅದಕ್ಕೂ ಮಣ್ಣಿಗೂ ಏನು ಸಂಬಂಧ ಅಂತ.

"ಕಾಲು ಉಳದೈತಂತ ಒದರಾಕತ್ತೀರಿ. ಸುಮ್ಮ ಕುಂದರ್ರಿ," ಅಂದಳು.

ಆಗ ನಾನು ಊರಿಗೆ ಬಂದಿದ್ದೆ. ಸ್ಕಾಟ್ಲೆಂಡಿನಲ್ಲಿ ಟಿಕೀಟು ಕೊಂಡು ಕೋಟೆಯ ದೆವ್ವ ನೋಡಲು ಹೋಗಿ, ಬರೀ ನೆಗಡಿ ಹಚ್ಚಿಕೊಂಡು ಬಂದವಳು ನಾನು. ನಂಬಲಿಲ್ಲ. ಆದರೂ ಸಿಂಬಿ ಸುತ್ತಿ ಪುಟ್ಟಿ ಹೊತ್ತೆ. ಓಣಿಯವರು ಮೊದಲು ನಕ್ಕರು, ಆಮೇಲೆ ಕೆಲವರು ಬಂದು ಕೈ ಹಚ್ಚಿದರು. ಎಲ್ಲರೂ ಮನೆಗೆ ಹೋದ ಮೇಲೂ ನೀಲಾ ಬುನಾದಿಯ ಮೂಲೆ ಮೂಲೆ ಕೆರೆದು ಪುಟ್ಟಿಗೆ ತುಂಬಿದಳು.

ಕೊನೆಯ ಪುಟ್ಟಿ ಅವಳೇ ಕಿಂಡಿಗೆ ಸುರುವಿದಳು. "ಮುಗೀತ ಯಕ್ಕಾ," ಅಂದಳು, ನನಗಲ್ಲ, ಕಿಂಡಿಯ ಕಡೆ ನೋಡಿ.

ಪುಟ್ಟಿ ಅಲ್ಲೇ ಬಿಟ್ಟು, ಬೇವಿನ ಬುಡದಲ್ಲಿದ್ದ ನೀರಿನ ಬಾಟಲಿ ತರಲು ಹೋದೆವು. ತಿರುಗಿ ಬಂದೆವು. ಅಷ್ಟೇ ಹೊತ್ತು.

ಪುಟ್ಟಿ ತೊಳೆದು ಬೋರಲು ಹಾಕಿತ್ತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು... ತಟಕ್... ತಟಕ್. ನಡು ಬೇಸಿಗೆ, ಕಂದಕ ಒಣಗಿ ಬಿರಿದಿತ್ತು. ಬಾಟಲಿಯ ಮುಚ್ಚಳ ನಾವಿನ್ನೂ ತೆಗೆದಿರಲಿಲ್ಲ. ಇದನ್ನು ಯಾರೂ ನನಗೆ ಹೇಳಿದ್ದಲ್ಲ, ನಾನೇ ಮುಟ್ಟಿ ನೋಡಿದ್ದು.