ಏಳರ ಮಗ್ಗಿಯ ಸೊನ್ನೆ

...ಬೇಡ ಬೇಡ, ಕುರ್ಚಿ ತರೋಕೆ ಏಳಬೇಡ ಮಬ್ರೂಕಾ. ಈ ಕಟ್ಟೆ ಮೇಲೇ ಕೂರ್ತೀನಿ. ಮೂವತ್ತು ವರ್ಷ ನಿಂತೇ ಪಾಠ ಹೇಳಿದ ಕಾಲು ಇದು, ಕಲ್ಲಾದರೇನು. ನೀನು ಕೆಲಸ ನಿಲ್ಲಿಸಬೇಡ. ಮೀನು ಹಿಡಿಯೋ ಕೂಳಿ ಹೆಣೀತಾ ಇರು, ನಾನು ಹೇಳ್ತಾ ಇರ್ತೀನಿ. ಹಾಗೇ ವಾಸಿ... ನೀನು ನನ್ನ ಮುಖ ನೋಡ್ತಾ ಕೂತರೆ ನನಗೆ ಮಾತು ಹೊರಡಲ್ಲ.

ಗುರುತು ಸಿಕ್ತಲ್ಲ? ಸಿಗದೆ ಏನು. ಲಝರ್ ಮೇಷ್ಟ್ರು. ಹತ್ತು ಮೈಲಿಯೂ ಇಲ್ಲದ ದ್ವೀಪ ನಮ್ಮದು. ರಮ್ಲಾದ ಸಂತೇಲಿ ನೀನು ಈ ಕಡೆಯಿಂದ ಬಂದರೆ ನಾನು ಆ ಕಡೆ ತಿರುಗಿ ಹೋಗ್ತಿದ್ದೆ. ನೀನು ಗಮನಿಸಿದೀಯೋ ಇಲ್ಲವೋ... ಗಮನಿಸಿದೀಯ. ಸರಿ. ಆ ನಗು ಸಾಕು, ಅರ್ಥವಾಯ್ತು.

ನಾನು ಬಂದದ್ದು ರವ್ದಾ ವಿಷಯಕ್ಕೆ. ನಿನ್ನ ಬೆಂಚಲ್ಲೇ ಕೂರ್ತಿದ್ದಳಲ್ಲ, ನನ್ನ ಮಗಳು. ಈಗ ಕಡಲಾಚೆ ಸ್ಫಾಕ್ಸಿನ ಕಾಲೇಜಲ್ಲಿ ಲೆಕ್ಕ ಹೇಳಿಕೊಡ್ತಾಳೆ, ಗೊತ್ತಿರಬೇಕು. ಹನ್ನೊಂದು ದಿನವಾಯ್ತು ಮಬ್ರೂಕಾ, ಅವಳು ನನ್ನ ಹತ್ತಿರ ಮಾತಾಡಿ. ಹನ್ನೊಂದು ದಿನ. ಫೋನ್ ಮಾಡ್ತೀನಿ, ಎತ್ತಲ್ಲ. ಅಳಿಯ ಒಂದು ಸಲ ಎತ್ತಿದ, ‘ಮಾವ, ಅವಳಿಗೆ ಸ್ವಲ್ಪ ಸಮಯ ಕೊಡಿ’ ಅಂದ. ನನ್ನ ಹತ್ತಿರ ಎಲ್ಲಿದೆ ಸಮಯ? ಎಪ್ಪತ್ತೇಳು ನನಗೆ. ಅವಳ ತಾಯಿ ಹೋಗಿ ನಾಲ್ಕು ವರ್ಷ. ಬೆಳಗ್ಗೆ ಎದ್ದು ನಾನೇ ಚಹಾ ಕಾಸ್ಕೋತೀನಿ, ನಾನೇ ಕುಡೀತೀನಿ. ದಿನಕ್ಕೊಂದು ಸಲ ಅವಳ ದನಿ ಕೇಳಿಸ್ತಿತ್ತು, ‘ಬಾಬಾ, ಮಾತ್ರೆ ತಗೊಂಡ್ರಾ’ ಅಂತ. ಅಷ್ಟೇ ನನ್ನ ಬದುಕಲ್ಲಿ ಉಳಿದದ್ದು. ಅದೂ ನಿಂತುಹೋಯ್ತು.

ಹೋಗೋವಾಗ ಅವಳು ಒಂದೇ ಮಾತು ಹೇಳಿದಳು. ಊಟಕ್ಕೆ ಬಡಿಸಿದ್ದನ್ನ ಹಾಗೇ ಬಿಟ್ಟು ಎದ್ದಳು, ಬಾಗಿಲಲ್ಲಿ ನಿಂತು, ‘ಮಬ್ರೂಕಾ ಹತ್ತಿರ ಹೋಗಿ ಹೇಳಿ. ನೀವು ಬಂದು ಹೇಳಿದ್ರಿ ಅಂತ ಅವಳೇ ನನಗೆ ಫೋನ್ ಮಾಡಲಿ. ಅಲ್ಲೀತನಕ ನನ್ನನ್ನ ಮಗಳೇ ಅಂತ ಕರೀಬೇಡಿ’ ಅಂದಳು. ಅದಕ್ಕೇ ಬಂದೆ. ಒಂದು ಫೋನ್, ಮಬ್ರೂಕಾ. ಒಂದೇ ಒಂದು. ನಂಬರು ನಾನೇ ಒತ್ತಿ ಕೊಡ್ತೀನಿ.

ಏನು ಹೇಳಬೇಕಿತ್ತು ಅಂತೀಯಾ? ಹೇಳ್ತೀನಿ. ಅದಕ್ಕೇ ತಾನೇ ಬಂದದ್ದು.

ಆ ಪರೀಕ್ಷೆ ನೆನಪಿದೆಯಾ? ಆರನೇ ತರಗತಿ. ಸ್ಫಾಕ್ಸಿನ ಹುಡುಗಿಯರ ಹಾಸ್ಟೆಲಲ್ಲಿ ನಮ್ಮ ಶಾಲೆಗೆ ಒಂದೇ ಜಾಗ ಅಂತ ಕಾಗದ ಬಂದಿತ್ತು. ಯಾರನ್ನ ಕಳಿಸಬೇಕು ಅನ್ನೋದು ನನ್ನ ಕೈಲಿತ್ತು. ಲೆಕ್ಕದಲ್ಲಿ ಯಾರು ಮುಂದೋ ಅವರು ಅಂತ ನಾನೇ ನಿಯಮ ಮಾಡಿದೆ, ನಾನೇ ಪ್ರಶ್ನೆ ತೆಗೆದೆ, ನಾನೇ ತಿದ್ದಿದೆ. ಇಪ್ಪತ್ತಕ್ಕೆ ರವ್ದಾಗೆ ಹದಿನೆಂಟು. ನಿನಗೆ ಹದಿನೇಳು. ಒಂದೇ ಒಂದು ಅಂಕ...

ನೆನಪಿದೆ. ಖರ್ಜೂರದ ಗರಿ ಎಳೆಯೋ ಕೈ ನಿಂತುಬಿಡ್ತಲ್ಲ, ಅಷ್ಟರಲ್ಲೇ ಗೊತ್ತಾಯ್ತು.

ಕೊನೇ ಪ್ರಶ್ನೆ. ‘ಏಳರ ಅಪವರ್ತ್ಯಗಳಲ್ಲಿ ಮೂವತ್ತಕ್ಕಿಂತ ಚಿಕ್ಕವನ್ನೆಲ್ಲ ಬರೆಯಿರಿ.’ ಎರಡು ಅಂಕ. ಏಳನ್ನ ಯಾವುದೇ ಪೂರ್ಣಸಂಖ್ಯೆಯಿಂದ ಗುಣಿಸಿದರೆ ಬರೋದೆಲ್ಲ ಏಳರ ಅಪವರ್ತ್ಯ ಅಂತ ನಾನೇ ಬೋರ್ಡ್ ಮೇಲೆ ಬರೆದಿದ್ದೆ, ನೀವು ಇಪ್ಪತ್ತಾರು ಮಕ್ಕಳೂ ಬರ್ಕೊಂಡಿದ್ರಿ. ಎಲ್ಲರೂ ಬರೆದದ್ದು ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು. ರವ್ದಾನೂ ಅಷ್ಟೇ. ನೀನೊಬ್ಬಳು ಸೊನ್ನೆಯಿಂದ ಶುರು ಮಾಡಿದ್ದೆ. ಸೊನ್ನೆ, ಏಳು, ಹದಿನಾಲ್ಕು... ಯಾವುದೇ ಅಂದರೆ ಯಾವುದೇ. ಆ ಮಾತನ್ನ ನಂಬಿದವಳು ತರಗತೀಲಿ ನೀನೊಬ್ಬಳೇ.

ನಾನು ಆ ಸಾಲು ಪೂರ್ತಿ ಹೊಡೆದು ಹಾಕಿದೆ. ಎರಡು ಅಂಕ ಹೋಯ್ತು.

ಅದು ತಪ್ಪು ಮಬ್ರೂಕಾ. ನಿನ್ನ ಉತ್ತರವೇ ಸರಿ. ಏಳನ್ನ ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಅಲ್ಲಿಗೆ ಸೊನ್ನೆಯೂ ಏಳರ ಅಪವರ್ತ್ಯವೇ. ಏಳರದ್ದಷ್ಟೇ ಅಲ್ಲ, ಎಲ್ಲಾ ಸಂಖ್ಯೆಯದ್ದೂ. ಇದನ್ನ ಹೇಳೋಕೇ ಬಂದೆ. ನಿನ್ನ ಉತ್ತರ ಸರಿ ಇತ್ತು. ನಾನು ತಪ್ಪು ಮಾಡಿದೆ. ಏನು ಮಾಡಲಿ, ನಮಗೆ ಆಗಿನ ಕಾಲದಲ್ಲಿ ಹಾಗೇ ಕಲಿಸಿದ್ದರು. ಒಂದರಿಂದ ಶುರು, ಏಳೊಂದ್ಲ ಏಳು. ಸೊನ್ನೇನ ಯಾರೂ ಲೆಕ್ಕಕ್ಕೇ ತಗೋತಿರಲಿಲ್ಲ. ಮೇಷ್ಟ್ರಿಗೂ ಗೊತ್ತಿಲ್ಲದ್ದು ಇರುತ್ತೆ ತಾಯಿ... ಆಯ್ತಾ? ಹೇಳಿದೆ. ಈಗ ಫೋನ್ ಮಾಡೋಣವಾ?

ಯಾಕೆ ಸುಮ್ಮನಿದ್ದೀಯ?

ಓಹೋ, ಫಲಿತಾಂಶ ಹೇಳಿದ ದಿನ ನೆನಪಾಯ್ತಾ? ನೀನು ಎದ್ದು ನಿಂತೆ. ಕೊಡೆಯ ಕಡ್ಡಿ ಹಾಗೆ ಇದ್ದೆ, ಅಪ್ಪನ ಹಳೇ ಸ್ವೆಟರ್ ಮೊಣಕಾಲಿಗೆ ಬರ್ತಿತ್ತು. ಹೆದರಲಿಲ್ಲ ನೀನು. ‘ಸೀದಿ, ನನ್ನಪ್ಪ ಆಕ್ಟೋಪಸ್ ಹಿಡಿಯೋ ಗಡಿಗೆ ಕಟ್ತಾನೆ, ಹಗ್ಗಕ್ಕೆ ಏಳು. ಒಂದು ಹಗ್ಗ ಇಳಿಸಿದರೆ ಏಳು ಗಡಿಗೆ, ಎರಡು ಇಳಿಸಿದರೆ ಹದಿನಾಲ್ಕು. ಗಾಳಿ ಎದ್ದ ದಿನ ಒಂದು ಹಗ್ಗವೂ ಇಳಿಸಲ್ಲ, ಆಗ ಸೊನ್ನೆ ಗಡಿಗೆ. ಅದೂ ಏಳೇಳರ ಲೆಕ್ಕವೇ, ಬಿಡಿ ಗಡಿಗೆ ಒಂದೂ ಉಳಿಯಲಿಲ್ಲವಲ್ಲ’ ಅಂದೆ.

ನೋಡು, ಒಂದು ಮಾತೂ ಮರೆತಿಲ್ಲ ನಾನು. ಮೂವತ್ತು ವರ್ಷದಲ್ಲಿ ಯಾವ ಮಗುವೂ ನನ್ನ ಮುಂದೆ ಅಷ್ಟು ಚೆನ್ನಾಗಿ ಒಂದು ಲೆಕ್ಕ ಬಿಡಿಸಿ ಹೇಳಿಲ್ಲ. ನಾನು ಏನು ಮಾಡಿದೆ? ನಕ್ಕೆ. ‘ಖಾಲಿ ದೋಣಿ ತಗೊಂಡು ಬಂದವನಿಗೆ ಮೀನುಗಾರ ಅಂತಾರೇನು, ಕೂತ್ಕೋ’ ಅಂದೆ. ಎಲ್ಲರೂ ನಕ್ಕರು. ಮಾರನೇ ದಿನದಿಂದ ನಿನ್ನನ್ನ ಸೊನ್ನೆ ಮಬ್ರೂಕಾ ಅಂತ ಕರೆಯೋಕೆ ಶುರು ಮಾಡಿದರು. ನನ್ನ ಕಿವಿಗೆ ಬೀಳ್ತಿತ್ತು. ತಡೆಯಲಿಲ್ಲ.

ನಿನ್ನ ಉತ್ತರ ಸರಿ ಅನ್ನೋದು ರವ್ದಾಗೆ ಎಂದೋ ಗೊತ್ತಿತ್ತು. ಅವಳು ಕಾಲೇಜು ಸೇರಿದ ವರ್ಷವೇ ರಜೆಗೆ ಬಂದವಳು, ‘ಬಾಬಾ, ಮಬ್ರೂಕಾ ಬರೆದದ್ದೇ ಸರಿಯಂತೆ’ ಅಂದಳು. ನಾನು ಹೌದಾ ಅಂದೆ. ‘ಅವಳಿಗೆ ಹೇಳಿ ಬಾಬಾ’ ಅಂದಳು. ಹೇಳ್ತೀನಿ ಅಂದೆ. ಮುಂದಿನ ರಜೇಲಿ ಕೇಳಿದಳು. ಹೇಳಿದೆ ಅಂದೆ. ಮಬ್ರೂಕಾ ಏನಂದಳು ಅಂತ ಕೇಳಿದಳು. ‘ನಕ್ಕುಬಿಟ್ಟಳು, ಈಗ ಯಾಕೆ ಸೀದಿ ಆ ಮಾತೆಲ್ಲ ಅಂದಳು, ನಿನಗೆ ಅಂಜೂರ ಕಳಿಸಿದಾಳೆ’ ಅಂದೆ. ಸಂತೇಲಿ ಒಂದು ಕುಕ್ಕೆ ಅಂಜೂರ ತಂದು ಕೊಟ್ಟೆ ಕೂಡ. ಅವಳು ತಿಂದಳು. ನಿನ್ನದು ಅಂತ ತಿಂದಳು.

ನಗಬೇಡ. ಹಾಗೆ ನಗಬೇಡ ಮಬ್ರೂಕಾ... ನಕ್ಕದ್ದಲ್ಲವಾ? ಸರಿ.

ಹೌದು, ನಿನ್ನ ಹತ್ತಿರ ಬಂದಿರಲಿಲ್ಲ. ಧೈರ್ಯ ಸಾಲಲಿಲ್ಲ. ಅದನ್ನೂ ಒಪ್ಕೋತೀನಿ. ಹನ್ನೊಂದು ದಿನದ ಹಿಂದೆ ಅವಳು ನನ್ನನ್ನ ಸ್ಫಾಕ್ಸಿಗೆ ಕರ್ಕೊಂಡು ಹೋಗೋಕೆ ಬಂದಿದ್ದಳು. ಸಾಮಾನು ಕಟ್ಟೋಣ ಅಂತ ಪೆಟ್ಟಿಗೆ ತೆಗೆದಳು. ತಳದಲ್ಲಿ ನಿನ್ನ ಉತ್ತರಪತ್ರಿಕೆ ಸಿಕ್ತು. ಓದಿದಳು, ಸಿಟ್ಟು ಬಂತು, ಹೋದಳು. ಅಷ್ಟೇ ನಡೆದದ್ದು.

ಏನು? ...ಅಷ್ಟಕ್ಕೇ ಒಬ್ಬ ಮಗಳು ಅಪ್ಪನನ್ನ ಬಿಟ್ಟು ಹೋಗ್ತಾಳಾ ಅಂತಾನಾ? ಅವಳ ಸ್ವಭಾವವೇ ಹಾಗೆ. ಮೊದಲಿಂದಲೂ ದುಡುಕು.

ಅಲ್ಲ. ದುಡುಕಿನವಳಲ್ಲ. ಸುಳ್ಳು ಹೇಳಿದೆ. ಅವಳಷ್ಟು ತಾಳ್ಮೆಯವಳು ಇನ್ನೊಬ್ಬಳಿಲ್ಲ.

ನೀನು ಹೀಗೆ ಬಾಯಿ ಬಿಡದೆ ಕೂತರೆ ನಾನು ಏನು ಅಂತ ತಿಳ್ಕೊಳ್ಳಲಿ? ಬೈಯಿ. ‘ನಿನ್ನ ಮಗಳು ಹಾಸ್ಟೆಲಲ್ಲಿ ನನ್ನ ಹಾಸಿಗೆಯಲ್ಲಿ ಮಲಗಿದಳು, ನನ್ನ ಪುಸ್ತಕ ಓದಿದಳು’ ಅಂತ ಬೈಯಿ. ಅದಕ್ಕೆ ತಯಾರಾಗಿ ಬಂದಿದ್ದೆ ನಾನು. ಬಸ್ಸಲ್ಲಿ ಬರ್ತಾ ನೀನು ಏನೇನು ಕೇಳ್ತೀಯ, ಏನೇನು ಹೇಳಬೇಕು ಅಂತ ಎಲ್ಲ ಜೋಡಿಸ್ಕೊಂಡೆ. ನಿನ್ನಪ್ಪ ಹಮ್ಮೂದಾನ ಮಾತು ಎತ್ತಿದರೆ ಏನು ಹೇಳೋದು ಅನ್ನೋದು ಮಾತ್ರ ಹೊಳೆಯಲಿಲ್ಲ.

ಅವನು ನನ್ನ ಮನೆಗೆ ಬಂದಿದ್ದ, ನಿನಗೆ ಗೊತ್ತಾ? ಗೊತ್ತಿಲ್ಲ. ಫಲಿತಾಂಶ ಬಂದ ವಾರವೇ. ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ನಿಂತಿದ್ದ. ‘ಸಿ ಲಝರ್, ಹಾಸ್ಟೆಲಿಲ್ಲದಿದ್ದರೆ ಹೋಗಲಿ, ಸ್ಫಾಕ್ಸಲ್ಲಿ ನನ್ನ ತಂಗಿ ಮನೆ ಇದೆ. ಹುಡುಗಿ ಒಂದೇ ಸಮ ಅಳ್ತಾಳೆ. ಅಲ್ಲಿಟ್ಟು ಓದಿಸಲಾ? ನನಗೆ ಅಕ್ಷರ ಬರಲ್ಲ, ನೀವು ಹೇಳಿದ ಹಾಗೆ’ ಅಂದ. ನನ್ನ ಒಂದು ಮಾತು ಸಾಕಿತ್ತು. ಓದಿಸು ಅನ್ನಬಹುದಿತ್ತು. ರವ್ದಾ ಹೋಗೋ ಶಾಲೆಗೇ ನಿನ್ನನ್ನ ಹೇಗೆ ಕಳಿಸಲಿ? ಅಲ್ಲಿ ನೀನು ಬಾಯಿ ಬಿಟ್ಟಿದ್ದರೆ, ಅಲ್ಲಿನ ಮೇಷ್ಟ್ರು ಕೇಳಿಸ್ಕೊಂಡಿದ್ದರೆ... ‘ಲೆಕ್ಕಕ್ಕೆ ತಲೆ ಇಲ್ಲ ಹಮ್ಮೂದಾ, ಮಗ್ಗಿಯೇ ತಿಳಿದಿಲ್ಲ ಅವಳಿಗೆ. ಕೂಳಿ ಹೆಣೆಯೋದು ಕಲಿಸು’ ಅಂದೆ.

ಇಗೋ, ಅದೇ ಕೂಳಿ.

ಯಾರೋ ಹೇಳ್ತಿದ್ದರು, ನೀನು ಮಕ್ಕಳಿಗೆ ಪಾಠ ಹೇಳಿಕೊಡೋಕೆ ಒಪ್ತಿರಲಿಲ್ಲವಂತೆ. ‘ನನ್ನನ್ನ ಕೇಳಬೇಡಿ, ನಾನು ದಡ್ಡಿ, ಮೇಷ್ಟ್ರೇ ಹೇಳಿದಾರೆ’ ಅಂತಿದ್ದೆಯಂತೆ. ಅದನ್ನ ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಆಮೇಲೆ ಸೇರ್ತು. ಸುಳ್ಳು ಯಾಕೆ ಹೇಳಲಿ, ಎರಡು ದಿನಕ್ಕೆ ಸರಿಹೋಯ್ತು.

ಯಾಕೆ ಕೈ ಚಾಚ್ತೀಯ? ಫೋನಾ? ಇಗೋ, ತಗೋ... ಅಲ್ಲವಾ? ಮತ್ತೇನು, ಚೀಲವಾ? ಚೀಲದಲ್ಲೇನಿದೆ, ಮಾತ್ರೆ, ಕನ್ನಡಕ...

ಪತ್ರಿಕೆ. ಹೌದು, ತಂದಿದೀನಿ. ತೋರಿಸೋಕೆ ಅಲ್ಲ, ಸುಮ್ಮನೆ... ಮನೇಲಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ನೋಡಿ ಏನು ಮಾಡ್ತೀಯ? ನಾನೇ ಎಲ್ಲ ಹೇಳಿದೆನಲ್ಲ. ಹಳೇ ಕಾಗದ, ಮಡಿಕೆಯಲ್ಲೆಲ್ಲ ಹರಿದಿದೆ... ಸರಿ. ಕೈ ಹಿಂದಕ್ಕೆ ತಗೊಳ್ಳೋದೇ ಇಲ್ಲವಲ್ಲ ನೀನು. ತಗೋ. ಮೆಲ್ಲಗೆ.

ನಿನ್ನ ಅಕ್ಷರ. ಎಷ್ಟು ದುಂಡಗೆ ಬರೀತಿದ್ದೆ.

ಬಿಸಿಲಿಗೆ ಯಾಕೆ ಎತ್ತಿ ಹಿಡೀತೀಯ? ರವ್ದಾನೂ ಹೀಗೇ ಕಿಟಕಿಗೆ ಹಿಡಿದಳು... ಕೊಡು ಇಲ್ಲಿ. ಸಾಕು, ಕೊಡು ಮಬ್ರೂಕಾ. ಬೆರಳು ಅಲ್ಲಿಡಬೇಡ.

ಅಲ್ಲೇ ಇಟ್ಟೆಯಲ್ಲ.

ಹೌದು. ಅದು ಸರಿ ಗುರುತು. ಕೆಳಗಿರೋದು ಸರಿ ಗುರುತು, ಅದರ ಮೇಲೆ ಅಡ್ಡ ಗೀಟು. ಎರಡೂ ನನ್ನವೇ, ಒಂದೇ ಕೆಂಪು ಶಾಯಿ. ಮೇಲೆ ಒಟ್ಟು ಅಂಕ ನೋಡು. ಅದು ಮೊದಲು ಹತ್ತೊಂಬತ್ತು. ಒಂಬತ್ತರ ಹೊಟ್ಟೆ ಕೆರೆದು ಏಳು ಮಾಡಿದೆ. ಬ್ಲೇಡಿನ ಗಾಯ ಈಗಲೂ ಕಾಣುತ್ತೆ.

ನನಗೆ ಗೊತ್ತಿತ್ತು.

ಉತ್ತರದ ಪುಸ್ತಕ ನನ್ನ ಪಕ್ಕದಲ್ಲೇ ತೆರೆದಿತ್ತು. ಅದರಲ್ಲಿ ಮೊದಲನೇ ಸಂಖ್ಯೆಯೇ ಸೊನ್ನೆ. ಕಲಿಸಿರಲಿಲ್ಲ, ಗೊತ್ತಿರಲಿಲ್ಲ ಅಂದದ್ದೆಲ್ಲ ಬರೀ ಸುಳ್ಳು. ನಿನ್ನದನ್ನೇ ಮೊದಲು ತಿದ್ದಿದೆ. ಹತ್ತೊಂಬತ್ತು ಬಂದಾಗ ಖುಷಿಯಾಯ್ತು, ನನ್ನಾಣೆ, ನನ್ನ ಶಿಷ್ಯೆ ಅಂತ ಖುಷಿಯಾಯ್ತು. ಆಮೇಲೆ ರವ್ದಾ ಪತ್ರಿಕೆ. ಸೊನ್ನೆ ಬಿಟ್ಟಿದ್ದಳು, ಎರಡು ಅಂಕ ಕಳೆದೆ. ಹದಿನಾರು. ಎರಡನ್ನೂ ಮುಂದಿಟ್ಕೊಂಡು ಕೂತೆ. ಅವಳು ಹೊರಗೆ ಅಂಗಳದಲ್ಲಿ ಕುಂಟಾಬಿಲ್ಲೆ ಆಡ್ತಿದ್ದಳು. ಅವಳಮ್ಮ ಆಗಲೇ ಅವಳಿಗೆ ಎರಡು ಹೊಸ ಅಂಗಿ ಹೊಲಿಸಿದ್ದಳು, ಹಾಸ್ಟೆಲಿಗೆ ಅಂತ. ಸೊನ್ನೆ ತಪ್ಪು ಅಂತ ಮಾಡಿಬಿಟ್ಟರೆ ಎರಡೂ ಪತ್ರಿಕೆ ಒಂದೇ ಏಟಿಗೆ ಬದಲಾಗ್ತಿತ್ತು. ನಿನಗೆ ಎರಡು ಕಮ್ಮಿ, ಅವಳಿಗೆ ಎರಡು ಜಾಸ್ತಿ. ಒಂದು ಗೀಟು ಎಳೆದೆ. ಅಂಗಳದಲ್ಲಿ ಅವಳ ಒಂದು ಆಟ ಮುಗಿಯೋಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುಡಬೇಕು ಅಂತ ಎಷ್ಟೋ ಸಲ ಒಲೆ ಹತ್ತಿರ ತಗೊಂಡು ಹೋದೆ. ಆಗಲಿಲ್ಲ. ಅಷ್ಟು ಒಳ್ಳೇ ಪತ್ರಿಕೆ ನನ್ನ ಕೈಗೆ ಇನ್ನೊಂದು ಬರಲಿಲ್ಲ.

ರವ್ದಾ ಸಿಟ್ಟು ಮಾಡ್ಕೊಳ್ಳಲೇ ಇಲ್ಲ. ಆ ಗುರುತನ್ನ ತುಂಬಾ ಹೊತ್ತು ನೋಡಿದಳು. ಆಮೇಲೆ ‘ಬಾಬಾ, ನಾನು ದಿನಾ ಬೋರ್ಡ್ ಮುಂದೆ ನಿಲ್ತೀನಲ್ಲ, ಅದು ಯಾರ ಜಾಗ?’ ಅಂತ ಕೇಳಿದಳು.

ಏನಾದರೂ ಅನ್ನು. ಥೂ ಅನ್ನು. ಎದ್ದು ಹೋಗಿ ಅನ್ನು.

...ಮಡಚ್ತಿದ್ದೀಯ. ಅದು ನನಗೆ ಬೇಕಿತ್ತು ಮಬ್ರೂಕಾ, ಅವಳಿಗೆ ತೋರಿಸಿ... ಇಲ್ಲ. ಬೇಡ. ಇಟ್ಕೋ. ನಿನ್ನದು. ನಿನ್ನದನ್ನ ಇಷ್ಟು ವರ್ಷ ನಾನು ಇಟ್ಕೊಂಡಿದ್ದೆ.

ಫೋನೂ ಬೇಡ. ನನಗೋಸ್ಕರ ನೀನು ಯಾಕೆ ಮಾತಾಡಬೇಕು? ನಾಲ್ಕು ಗಂಟೆ ಹಡಗು ಇನ್ನೂ ಸಿಗುತ್ತೆ. ನಾನೇ ಹೋಗ್ತೀನಿ. ಬಾಗಿಲು ತೆಗೆದರೆ ಹೇಳ್ತೀನಿ, ತೆಗೆಯದಿದ್ದರೆ ಹೊರಗೆ ನಿಂತೇ ಹೇಳ್ತೀನಿ: ಮಬ್ರೂಕಾ ಹತ್ತಿರ ಹೋಗಿದ್ದೆ ಮಗಳೇ. ಅಲ್ಲೂ ನನಗೆ ಗೊತ್ತಿರಲಿಲ್ಲ ಅಂತ ಸುಳ್ಳಿಂದಲೇ ಶುರು ಮಾಡಿದೆ. ಅವಳು ಪತ್ರಿಕೆ ಬಿಸಿಲಿಗೆ ಹಿಡಿದು ಆ ಗುರುತಿನ ಮೇಲೇ ಬೆರಳಿಟ್ಟಳು. ಕೊನೆಗೆ ನಿಜ ಹೇಳಲೇಬೇಕಾಯ್ತು.