ಗೆದ್ದ ಮರದ ನೆರಳು

ಅಷ್ಟ ಅಲ್ಲ? ಎರಡು ಹೊತ್ತು ಆಡು ಹಿಂಡೂದು, ಸಂಜೀಕ ಕೋಳಿ ಮುಚ್ಚೂದು. ಮಾಡ್ತೇನಿ ಹೋಗು. ಇದನ್ನ ಕೇಳಾಕ ಇಷ್ಟು ಹಿಂದಮುಂದ ನೋಡೂದು ಏನೈತಿ ದೌಲತಬಿ? ನಾ ಏನು ಹುಲಿನೋ ಕರಡಿನೋ? ಬಾಜೂಮನಿಯಾಕಿ ಅದೀನಿ. ನಾಳೆ ನೀ ಹಳಿಯಾಳದ ಕೋರ್ಟಿಗೆ ಹೋಗಿ, ನಿನ್ನ ಗಂಡನ ಕೇಸು ಏನಾತು ಅಂತ ನೋಡಿಕೊಂಡು ಬರೂತನಾ ನಿನ್ನ ಆಡು ನನ್ನ ಆಡು ಇದ್ದಂಗ.

ಮತ್ತ ಯಾಕ ಬಾಗಲದಾಗ ಕುಂತಿ? ಒಳಗ ಬಾ ಅಂದ್ರ ಬರವಲ್ಲಿ, ಹೋಗು ಅಂದ್ರ ಹೋಗವಲ್ಲಿ. ನೀರು ಕೊಡ್ಲೇನು? ಮಜ್ಜಿಗಿ? ...ಬ್ಯಾಡ. ಆತು.

ಹಂಗ ನೋಡಬ್ಯಾಡ. ನೀ ಏನು ಕೇಳಾಕ ಬಂದಿ ಅಂತ ನನಗ ಗೊತ್ತಿಲ್ಲೇನು? ಆಡು ಬರೇ ನೆಪ. ‘ಕಾಶಕ್ಕ, ನೀನೂ ನಾಳೆ ಬಾ, ಸಾಹೇಬರ ಮುಂದ ನಿಂತು ಖರೇ ಹೇಳು’... ಇದ ಅಲ್ಲ? ನಾ ಏನು ಸುಳ್ಳು ಹೇಳೇನಿ? ನೀವು ಲಗ್ನಕ್ಕ ಅಂತ ಮುಂಡಗೋಡಕ್ಕ ಹೋದ ದಿನ, ಮುಂಜಾನೆ ಎದ್ದು ಹಿತ್ತಲಕ್ಕ ಬಂದೆ. ಬೇಲ್ಯಾಗಿನ ಗಂಧದ ಮರ ಇರಲಿಲ್ಲ. ಬುಡ ಅಷ್ಟ ಇತ್ತು. ರೇಂಜರ್ ಸಾಹೇಬರು ಕೇಳಿದ್ರು, ನಾ ಹೇಳಿದೆ, ಅವರು ಬರಕೊಂಡ್ರು. ಅದರ ಮ್ಯಾಲೆ ‘ಎತ್ತಿಗೆ ನಾಲ ಬಡಿಯೂ ನಾಲಬಂದ ಹುಸೇನಸಾಬ ಸರಕಾರದ ಮರ ಕಡದಾನ, ಲಗ್ನದ ಗಾಡ್ಯಾಗ ಹುಲ್ಲಿನ ಕೆಳಗ ಇಟ್ಟು ಸಾಗಿಸ್ಯಾನ’ ಅಂತ ಅವರ ತಿಳಕೊಂಡ್ರು. ನಾ ಹಂಗ ತಿಳಕೊಳ್ರಿ ಅಂದೇನೇನು?

ಗಾಡಿ ಹತ್ತೂ ಮುಂದ ಮರ ನಿಂತಿತ್ತು ಅಂತಿ ನೀ. ಇರಬಹುದು ತಂಗಿ. ನನಗ ಕಣ್ಣು ಮಂದ. ಮುಂಜಾನೆ ಮಂಜು ಬ್ಯಾರೆ ಇತ್ತು.

...ಯಾರರ ನಟ್ಟಿದ್ರೇನು ಆ ಮರಾನ? ಯಾವದೋ ಹಕ್ಕಿ ಹಿಕ್ಕಿ ಹಾಕಿ ಹೋತು, ನಮ್ಮಿಬ್ಬರ ಬೇಲಿ ನಡುವ ಹುಟ್ಟಿತು. ಮೊಳಕಾಲುದ್ದ ಇದ್ದಾಗ ಅದರ ತಂಟೇಕ ಯಾರು ಹೋಗಿದ್ವಿ? ಆಮ್ಯಾಲೆ ಆ ಫಾರೆಸ್ಟ ಗಾರ್ಡ ಬಂದ. ಡಾಂಬರಿಲೆ ಅದರ ಮೈಮ್ಯಾಲೆ ಲಂಬರ ಬರದ. ‘ಶ್ರೀಗಂಧ ಎಲ್ಲೆ ಹುಟ್ಟಿದ್ರೂ ಸರಕಾರದ್ದು. ಯಾರ ಜಾಗಾದಾಗ ಐತೋ ಅವರು ಕಾಯಬೇಕು. ಹೋತಂದ್ರ ಅವರನ್ನ ಹಿಡೀತೇವಿ’ ಅಂದು ಹೋದ. ಶಾಣ್ಯಾರಾಗಿದ್ರ ಇಬ್ರೂ ‘ನಮದಲ್ಲ, ನಮದಲ್ಲ’ ಅಂತಿದ್ವಿ. ನಾವು ಅವತ್ತಿಂದನ ‘ನಮದು, ನಮದು’ ಅಂತ ಸುರು ಮಾಡಿದ್ವಿ. ಸರಕಾರ ಲಂಬರ ಹಾಕೈತಿ ಅಂದ್ರ ಏನೋ ದೊಡ್ಡದ ಇರಬೇಕು ಅಂತ. ತುಟಿ ಅಲುಗಿತು ನೋಡು ನಿಂದು. ನಗು. ನನಗೂ ನಗು ಬರತೈತಿ ಒಮ್ಮೊಮ್ಮೆ.

ಹತ್ತು ವರ್ಷ ಜಗಳಾಡಿದ್ವಿ. ನಾ ಬೇಲಿ ಈಚೆ, ನೀ ಬೇಲಿ ಆಚೆ. ಭಾಳ ಸಿಟ್ಟು ಬಂದ್ರ ನೀ ಉರ್ದುದಾಗ ಬೈತಿದ್ದಿ, ನನಗ ಅರ್ಥ ಆಗ್ತಿರಲಿಲ್ಲ, ಅದಕ್ಕ ಇನ್ನಷ್ಟು ಉರೀತಿದ್ದೆ. ನಿನ್ನ ಗಂಡ ಗುರುತಿಗೆ ಅಂತ ಮರಕ್ಕ ಎತ್ತಿನ ನಾಲ ಬಡದ. ನಾ ಅದರ ಮ್ಯಾಲೆ ಮೂರು ಬಟ್ಟು ವಿಭೂತಿ ಎಳದೆ. ಕಡೀಕ ಅಂದಾನೆಪ್ಪಗೌಡ್ರು ಬಂದು, ನಾಕು ಮಂದಿ ಮುಂದ ಈ ಬಾಂದಗಲ್ಲಿಂದ ಆ ಬಾಂದಗಲ್ಲಿಗೆ ಹಗ್ಗ ಹಿಡಿಸಿ ನೋಡಿದ್ರು. ನಾಕು ಬಟ್ಟು ನಮ್ಮ ಕಡೆ ಬಂತು ಮರ. ನಾ ಓಣಿ ತುಂಬ ಸಕ್ಕರಿ ಹಂಚಿದೆ, ನಿಮ್ಮನೀಗೂ ಕಳಿಸಿದೆ, ಹೊಟ್ಟಿ ಉರೀಲಿ ಅಂತ. ನಿನ್ನ ಗಂಡ ಬೇಲಿ ಮಟ ಬಂದು ‘ಸಿಹಿ ಐತಿ ಕಾಶಕ್ಕ’ ಅಂದ. ಸೋತಾಂವ ಹಂಗ ಅನ್ನಬಾರದು, ತಂಗಿ. ಸೋತಾಂವ ಸಿಟ್ಟಾಗಬೇಕು. ಅರ್ಧಾ ಗೆಲುವು ಅವತ್ತ ಹೋತು ನಂದು.

ಏನು? ...ಹೌದು, ಗೊತ್ತೈತಿ. ಗೌಡ್ರು ನಂದು ಅಂತ ಹೇಳಿದ ಮ್ಯಾಲೆ ಮರ ನಂದ. ಗೌಡ್ರು ಇದ್ದಿದ್ರ ರೇಂಜರಿಗೆ ಹೇಳ್ತಿದ್ರು. ಹೋದ ಶ್ರಾವಣದಾಗ ಲಿಂಗೈಕ್ಯ ಆದ್ರು. ಹಗ್ಗ ಹಿಡದ ಮಂದಿ ಖಾಕಿ ನೋಡಿದ ಕೂಡ್ಲೆ ‘ನಮಗೇನೂ ಗೊತ್ತಿಲ್ರಿ’ ಅಂದ್ರು. ಈ ಇಂಗ್ರೇಜರ ಯುದ್ಧ ಸುರು ಆದಾಗಿಂದ ಫಾರೆಸ್ಟಿನವರು ಒಂದು ಹೊರಿ ಕಟ್ಟಿಗಿ ಸೈತ ಬಿಡವಲ್ರು, ಅವರ ಮುಂದ ಯಾರು ಬಾಯಿ ಬಿಡ್ತಾರ? ರೇಂಜರ್ ಸಾಹೇಬರು ನನ್ನ ಕಡೆ ತಿರುಗಿ ‘ಯಾರ ಮರ ಬೇ ಇದು?’ ಅಂದ್ರು. ನಾನು... ‘ನಾಲಬಂದರದು’ ಅಂದೆ. ಹತ್ತು ವರ್ಷ ನಂದು ನಂದು ಅಂದ ಬಾಯಿ, ಹಂಗ ಹೊಳ್ಳಿಬಿಟ್ಟಿತು. ನಮ್ಮನಿಯವರು ಸುಗ್ಗಿ ಅಂತ ಗದ್ದಿ ಗುಡಿಸಲದಾಗ ಇದ್ರು. ಮನ್ಯಾಗ ನಾ ಒಬ್ಬಾಕಿ. ಹೆದರಿಕಿ ಬಂತು. ಅದೂ ತಪ್ಪೇನು?

ತಪ್ಪು. ಆತು, ತಪ್ಪು ಅನ್ನು. ಒಂದು ಮಾತು ತಪ್ಪಿತು.

ನನ್ನ ಸಂಕಟ ನಿನಗ ಗೊತ್ತಿಲ್ಲ. ಮರ ಗೆದ್ದೆ ನಾ. ನೆರಳು? ನೆರಳು ನಿಮ್ಮಂಗಳದಾಗ ಬೀಳತಿತ್ತು. ಹೊತ್ತು ವಾಲಿತು ಅಂದ್ರ ಬೇಲಿ ದಾಟಿ ನಿಮ್ಮ ಬಾಗಲ ಮಟ ಹೋಗಿ ಮಲಗೂದು. ಹಗ್ಗ ಹಿಡಿಸಿದ್ರ ನೆರಳು ಕೇಳತೈತೇನು? ಅದರಾಗ ನಿನ್ನ ಗಂಡ ಎತ್ತು ಕೆಡವಿ, ಕಾಲು ಕಟ್ಟಿ, ಟಕ್ ಟಕ್ ಅಂತ ನಾಲ ಬಡಿಯಾಂವ. ಎತ್ತು ತಂದ ಮಂದಿ ಅಲ್ಲೇ ಕುಂತು ಬೀಡಿ ಸೇದೂದು, ಊರ ಸುದ್ದಿ ಹೇಳೂದು, ಹೋ ಅಂತ ನಗೂದು. ನಮ್ಮನಿಯವರೂ ಅಲ್ಲೇ ಹೋಗಿ ಕುಂಡ್ರಾಂವ್ರು! ‘ನಮ್ಮ ಮರದ ನೆರಳಿಗೆ ಅವರ ಮನಿಗೆ ಯಾಕ ಹೋಗ್ತೀರಿ’ ಅಂದ್ರ ‘ನೆರಳು ಅಲ್ಲೇ ಐತಲ್ಲ’ ಅನ್ನಾಂವ್ರು. ನಾ ಇಲ್ಲೆ ರಣರಣ ಬಿಸಿಲಾಗ ಒಬ್ಬಾಕಿ ಕಾಳು ಹಸನ ಮಾಡ್ಕೋತ ಕುಂಡ್ರೂದು. ಬೇರು ಮಾತ್ರ ಎಲ್ಲಾ ನಮ್ಮ ಕಡೆ. ಗಂಧದ ಗಿಡ ಸುಮ್ಮನ ಬೆಳ್ಯೂದಿಲ್ಲ, ಬಾಜೂ ಗಿಡದ ಬೇರಿಗೆ ಬಾಯಿ ಹಚ್ಚಿ ಕುಡೀತೈತಿ. ನನ್ನ ಲಿಂಬಿ ಗಿಡ ನಿಂತಲ್ಲೇ ಒಣಗಿಸ್ತು. ಕುಡಿಯೂದು ನಮ್ಮ ಕಡೆ, ನೆರಳು ಕೊಡೂದು ನಿಮ್ಮ ಕಡೆ. ಎದಿ ಉರೀತಿತ್ತು ದೌಲತಬಿ. ಸುಳ್ಳ ಯಾಕ ಹೇಳಲಿ, ಉರೀತಿತ್ತು.

ಉರೀತಿತ್ತು ಅಂದ ಮಾತ್ರಕ್ಕ ನಾ ಕಡದೆ ಅಂತಲ್ಲ ಮತ್ತ.

...ನೀ ಎಲ್ಲೆ ಹಂಗ ಅಂದಿ? ನೀ ಏನೂ ಅಂದಿಲ್ಲ. ನಾನ ಅಂದೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ ಆತು ನಂದು. ಬಿಡು.

ಕಳ್ಳರು, ತಂಗಿ. ಯಾವದೋ ಊರಿನ ಕಳ್ಳರು. ಅವರೂ ಏನು ಸುಖಾ ಪಟ್ಟಿರಬೇಕು? ಸಾದಾ ಕಟ್ಟಿಗಿ ಏನು ಅದು? ಮ್ಯಾಲಿನ ಬಿಳೀದು ಮೆತ್ತಗ ಬರತೈತಿ, ಒಳಗಿನ ಕೆಂಪಂದು ಕೊಡ್ಲಿಗೆ ಜಗ್ಗೂದಿಲ್ಲ, ಹೊಡದಷ್ಟೂ ಕೊಡ್ಲಿ ಹಿಂದಕ್ಕ ಹಾರತೈತಿ, ಅಂಗೈ ಎಲ್ಲಾ ಗುಳ್ಳಿ ಎದ್ದು... ಎದ್ದಿರಬೇಕು. ಅವರವು. ಕಳ್ಳರವು.

ನನ್ನ ಕೈ ಯಾಕ ನೋಡ್ತಿ? ಇದು ಒಲಿ ಸುಟ್ಟ ಕಲೆ. ಕಾದ ಹಂಚು ಮರತು ಹಿಡದೆ.

ನೀನೂ ನಿನ್ನ ಗಂಡನಂಗ ನೋಡಾಕತ್ತಿ. ಅವತ್ತ ಅಂವನೂ ಹಿಂಗ ನೋಡಿದ. ಲಗ್ನ ಮುಗಿಸಿ ಬಂದು ಗಾಡಿ ಇಳದಿದ್ದ, ಕಣ್ಣಾಗ ಇನ್ನೂ ಸುರಮಾ ಇತ್ತು, ಕೈಯಾಗ ಲಗ್ನದಾಗ ಕೊಟ್ಟ ಉತ್ತತ್ತಿ ಖಾರೀಕಿನ ಪುಡಿಕಿ. ಎದುರಿಗೆ ಖಾಕಿ ಮಂದಿ. ಬುಡ ನೋಡಿದ. ಆಮ್ಯಾಲೆ ಅರಿಷಿಣ ಹಚ್ಚಿ ಅರಬಿ ಸುತ್ತಿದ ನನ್ನ ಕೈ ನೋಡಿದ. ಆಮ್ಯಾಲೆ ನನ್ನ ಮಾರಿ. ಹಗಲೆಲ್ಲಾ ಸುತ್ತಿಗಿ ಹಿಡಿಯಾಂವ ಅಂವ, ಯಾವ ಗುಳ್ಳಿ ಬೆಂಕೀದು, ಯಾವದು ಕೊಡ್ಲೀದು ಅಂತ ಅವಗ ತಿಳ್ಯೂದಿಲ್ಲೇನು?... ಒಂದು ಮಾತು ಅಂದಿದ್ರ ಅಲ್ಲೇ ಮುಗೀತಿತ್ತು. ಅನ್ನಲಿಲ್ಲ. ಖಾರೀಕು ನಿನ್ನ ಕೈಯಾಗ ಕೊಟ್ಟು ಅವರ ಹಿಂದ ಹೋದ. ಯಾಕ ಅನ್ನಲಿಲ್ಲ ದೌಲತಬಿ? ನೀ ಎರಡು ಸಲ ಹೋಗಿ ಭೆಟ್ಟಿ ಆಗಿ ಬಂದಿ. ಏನಂದ ನನ್ನ ಬಗ್ಗೆ?

ಬ್ಯಾಡ. ಹೇಳಬ್ಯಾಡ.

ಒಂದೂವರಿ ತಿಂಗಳಾತು. ಊರಾಗಿನ ಎತ್ತೆಲ್ಲಾ ಕುಂಟಾಕತ್ತಾವು. ನಮ್ಮನಿಯವರು ಎತ್ತಿನ ಕಾಲು ತೊಡೀ ಮ್ಯಾಲೆ ಇಟಕೊಂಡು ‘ಹುಸೇನ ಇರಬೇಕಿತ್ತು’ ಅಂತಾರ. ದಿನಾ ಅಂತಾರ. ಅವರಿಗೂ ಕಳ್ಳರು ಅಂತನ ಹೇಳೇನಿ. ನಂಬ್ಯಾರ. ನಂಬಿದಾಗ ಆಗೂ ಸಂಕಟ ಇನ್ನ ಭಾಳ.

ಎದ್ದಿ? ಹೊಂಟಿ? ಹಳಿಯಾಳಕ್ಕ ಹೊಂಟ ಅಡಿವೆಯ್ಯ ಗಾಡಿ ಕಟ್ಟೂದು ನಾಳೆ ನಸುಕಿನ್ಯಾಗ, ಇನ್ನೂ ಹೊತ್ತೈತಿ. ತಡಿ ತಡಿ. ಗಂಡನ ಸಲುವಾಗಿ ಮನಿ ಬಿಟ್ಟು ಹೊಂಟ ಮುತ್ತೈದಿ ಬರೇ ಉಡೀಲೆ ಹೋಗಬಾರದು. ಜಾತಿ ಬ್ಯಾರೆ ಆದ್ರೇನು, ಉಡಿ ಬ್ಯಾರೆ ಏನು? ಕುಂಡ್ರು. ಸೆರಗು ಒಡ್ಡು. ಇಷ್ಟರ ಮಾಡಾಕ ಕೊಡು ನನಗ. ಒಳಗ ದೊಡ್ಡ ಮಣ್ಣಿನ ಹರವ್ಯಾಗಿಂದ ಅಕ್ಕಿ ತರ್ತೇನಿ...

ಬಂದೆ. ಹೂಂ, ಹಿಡಿ. ಒಂದು ಬೊಗಸಿ. ಎರಡು. ಮೂರು. ಐದಾಗಲಿ. ನಿನ್ನ ಗಂಡನ್ನ ಕರಕೊಂಡ ಬಾ. ನಿಮ್ಮ ಅಲ್ಲಾ, ನಮ್ಮ ಬಸವಣ್ಣ, ಯಾರರ ಒಬ್ರು ಕಣ್ಣು ತಗೀಲಿ.

ಏನಾತು? ಬಗ್ಗಿ ಏನು ನೋಡ್ತಿ? ಹುಳಾ ಬಿದ್ದಾವೇನು? ಹಸನ ಮಾಡಿ ತುಂಬಿದ ಅಕ್ಕಿ ಅದು, ಹುಳಾ ಎಲ್ಲಿಂದ ಬರಬೇಕು? ...ಮೂಗಿಗೆ ಯಾಕ ಹಿಡದಿ? ವಾಸನಿ? ಏನ ವಾಸನಿ? ತಾ ಇಲ್ಲೆ. ...ನನಗೇನೂ ಬರವಲ್ದು. ದೇವರ ಜಗಲಿ ಬಾಜೂಕ ಐತಿ ಹರವಿ, ಊದಿನಕಡ್ಡಿದು ಹತ್ತಿರಬೇಕು. ಇಲ್ಲಾಂದ್ರ ಪೂಜಿಗೆ ಗಂಧ ತೇಯೂ ಕೊರಡು ಅಲ್ಲೇ ಇಡ್ತೇನಿ, ಅದರದು...

ದೌಲತಬಿ.

ಏನರ ಅನ್ನು. ಹಂಗ ಕುಂಡ್ರಬ್ಯಾಡ ಅಕ್ಕಿ ಹಿಡಕೊಂಡು. ಉರ್ದುದಾಗರ ಬೈ.

ಹೌದು. ನಾನ ಕಡದೆ. ನಿಮ್ಮ ಗಾಡಿ ಹಳ್ಳ ದಾಟಿದ್ದು ನೋಡಿ ಕೊಡ್ಲಿ ತಗೊಂಡೆ. ಹಾಡೇ ಹಗಲ. ಓಣಿ ಮಂದಿ ಎಲ್ಲಾ ಸುಗ್ಗಿಗೆ ಹೋಗಿತ್ತು. ಮಾರಾಕ ಅಲ್ಲ ತಂಗಿ, ಲಿಂಗದ ಆಣಿ, ಮಾರಾಕ ಅಲ್ಲ. ನಿಮ್ಮಂಗಳದಾಗ ಬಿಸಿಲು ಬೀಳಲಿ ಅಂತ, ಅಷ್ಟಕ್ಕ. ಮರ ಬಿದ್ದ ಕೂಡ್ಲೆ ಭಗ್ ಅಂತ ಬಿತ್ತು ಬಿಸಿಲು, ನಿನ್ನ ಗಂಡ ಕುಂಡ್ರೂ ಜಾಗಾದಾಗ. ನೋಡಿ ನಕ್ಕೆ ನಾ. ಆಮ್ಯಾಲೆ ಆ ಡಾಂಬರಿನ ಲಂಬರ ಕಣ್ಣಿಗೆ ಬಿತ್ತು, ಸರಕಾರದ ಮರ ಅನ್ನೂದು ಆಗ ನೆನಪಾತು. ಕೋಪದಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲೆ ಬರತೈತೇನು? ಬಿಳೀ ಕಟ್ಟಿಗಿ ಒಲಿಗೆ ಹಾಕಿದೆ. ಕೆಂಪಂದು ಹಾಕಿದ್ರ ಓಣಿ ತುಂಬ ವಾಸನಿ ಎದ್ದಿತು. ನೀರು ಹೊಯ್ದು ಆರಿಸಿ, ತುಂಡು ಮಾಡಿ, ಅಕ್ಕಿ ಹರವ್ಯಾಗ ಹುಗದೆ. ಒಂದೂವರಿ ತಿಂಗಳಿಂದ ಅದ ಅಕ್ಕಿ ಉಣ್ಣಾಕತ್ತೇನಿ. ನಮ್ಮನಿಯವರು ನಶ್ಯಾ ಏರಸಾಂವ್ರು, ಅವರಿಗೆ ಏನೂ ತಿಳ್ಯೂದಿಲ್ಲ. ನನ್ನ ಮೂಗಿಗೆ ರೂಢಿ ಆಗಿಬಿಟ್ಟೈತಿ. ಗೊತ್ತಾಗಲೇ ಇಲ್ಲ ನೋಡು.

ಕಣ್ಣು ಮಂದ ಅಂದದ್ದೂ ಸುಳ್ಳು. ಎಲ್ಲಾ ಛಂದ ಕಾಣತೈತಿ. ಅವಗ ಬೇಡಿ ಹಾಕಿ ಒಯ್ದದ್ದು ಬಾಗಲ ಮರಿಗೆ ನಿಂತು ನೋಡೇನಿ. ಆ ಬೇಡಿ ನನ್ನ ಕೈಗೆ ಬೀಳತಿತ್ತಲ್ಲ, ಹಳಿಯಾಳದ ಪ್ಯಾಟ್ಯಾಗ ಮಂದಿ ನೋಡ್ತಿದ್ರಲ್ಲ ಅಂತ ಹೆದರಿ ಉಸಿರು ಬಿಡಲಿಲ್ಲ. ಅಂವ ಉಳಿಸಿದ ನನ್ನ. ನಾ ಉಳಿಸಿಕೊಂಡೆ.

ಗಂಟು ಹಾಕ್ತಿ? ಚೆಲ್ಲೂದಿಲ್ಲ? ನನ್ನ ಮಾರಿಗೆ ಒಗೀತಿ ಅನ್ಕೊಂಡಿದ್ದೆ... ಸಾಹೇಬರ ಮುಂದ ಬಿಚ್ಚತಿ. ತಿಳೀತು. ಆದ್ರ ನಾಕು ಹರದಾರಿ ದಾರಿ ತಂಗಿ, ಗಾಳಿ, ಧೂಳು. ಹಳಿಯಾಳ ಮುಟ್ಟೂದ್ರಾಗ ವಾಸನಿ ಹೋಗಿ ಬರೇ ಅಕ್ಕಿ ಆಗಿರತೈತಿ. ಒಂದು ಹಿಡಿ ಅಕ್ಕಿ ನೋಡಿ ಯಾರು ನಂಬತಾರ? ಹರವೀನ ಒಯ್ಯಬೇಕು. ನಾನೂ ಬರಬೇಕು.

ಒಳಗ ಬಾ, ಹರವಿ ಹಿಡಿ ಆ ಕಡೆ. ಭಾಳ ವಜ್ಜ ಐತಿ, ಒಬ್ಬಾಕಿಗೆ ಏಳೂದಿಲ್ಲ.

...ಹಿಡಿಯೂದಿಲ್ಲ?

ಹೂಂ. ಅದೂ ಖರೇನ. ಕಟ್ಟಿಗಿ ಹುಗಿಯೂ ಮುಂದ ನಾ ನಿನ್ನ ಕರದಿದ್ದಿಲ್ಲ. ನಾನ ಎಳಕೊಂಡು ಬರ್ತೇನಿ. ಬಾಗಲ ಬಿಟ್ಟು ಸ್ವಲ್ಪ ಸರಿ.